ಒಂದೇ ಖಾತೆ, ಹಲವು ಹೆಸರು: ವೆಬ್ ಹೋಸ್ಟಿಂಗ್‌ನಲ್ಲಿ ಡೊಮೇನ್‌ಗಳ ಬಗೆಗಳು

ಇಂಟರ್ನೆಟ್ಟಿನಲ್ಲಿ ಒಂದು ವೆಬ್‌ಸೈಟ್ ಇರಬೇಕಾದರೆ ಎರಡು ವಸ್ತು ಬೇಕು. ಒಂದು ಜಾಗ, ಇನ್ನೊಂದು ಹೆಸರು. ಜಾಗಕ್ಕೆ ಹೋಸ್ಟಿಂಗ್ ಎನ್ನುತ್ತಾರೆ, ಹೆಸರಿಗೆ ಡೊಮೇನ್ ಎನ್ನುತ್ತಾರೆ. ಮಾರುವ ಕಂಪನಿಗಳು ಎರಡನ್ನೂ ಒಂದೇ ಪ್ಯಾಕೇಜಿನಲ್ಲಿ ಕಟ್ಟಿ ಕೊಡುವುದರಿಂದ ಬಹಳ ಜನ ಎರಡೂ ಒಂದೇ ಎಂದು ತಿಳಿದಿದ್ದಾರೆ. ಲಿಂಗಸುಗೂರು ಬಸ್ ನಿಲ್ದಾಣದ ಹತ್ತಿರ ನೀವು ಒಂದು ಮಳಿಗೆ ಬಾಡಿಗೆಗೆ ಹಿಡಿದಿದ್ದೀರಿ ಎಂದುಕೊಳ್ಳಿ. ಮಳಿಗೆ ಎಂದರೆ ಹೋಸ್ಟಿಂಗ್. ಬಾಗಿಲ ಮೇಲಿನ ಬೋರ್ಡ್ ಎಂದರೆ ಡೊಮೇನ್. ಮಳಿಗೆ ಬದಲಾದರೆ ಬೋರ್ಡನ್ನು ಬಿಚ್ಚಿಕೊಂಡು ಹೊಸ ಮಳಿಗೆಗೆ ಹಾಕಬಹುದು. ಹಾಗೆಯೇ ಒಂದೇ ಮಳಿಗೆಗೆ ನಾಲ್ಕು ಬೋರ್ಡ್ ಹಾಕಲೂಬಹುದು. ಈ ನಾಲ್ಕು ಬೋರ್ಡುಗಳು ಹೇಗೆ ಬೇರೆ ಬೇರೆ ಎಂಬುದೇ ಈ ಲೇಖನದ ವಿಷಯ. ವೆಬ್‌ಸೈಟ್ ಮಾಡದವರಿಗೆ ಇದೇಕೆ ಎಂದು ಕೇಳಬೇಡಿ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಪ್ರತಿಯೊಬ್ಬರಿಗೂ ಇದು ಬೇಕು. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಅದಕ್ಕೆ ಐಪಿ ವಿಳಾಸ ಎಂದು ಹೆಸರು. ಆ ಅಂಕಿಗಳನ್ನು ನೆನಪಿಟ್ಟುಕೊಳ್ಳುವುದು ಮನುಷ್ಯರಿಗೆ ಕಷ್ಟ. ಅದಕ್ಕಾಗಿ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ಅಮೆರಿಕದ ವಿಜ್ಞಾನಿ ಹೆಸರನ್ನು ಅಂಕಿಗೆ ಬದಲಿಸುವ ವ್ಯವಸ್ಥೆಯನ್ನು ರೂಪಿಸಿದರು. ಇದೇ ಡಿಎನ್‌ಎಸ್. ಮೊಬೈಲಿನಲ್ಲಿ ಹೆಸರು ಒತ್ತಿದರೆ ನಂಬರಿಗೆ ಕರೆ ಹೋಗುವುದಿಲ್ಲವೇ, ಅದೇ ರೀತಿ. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಕಂಪನಿ ಮೊಟ್ಟಮೊದಲ ಡಾಟ್ ಕಾಂ ಹೆಸರನ್ನು ನೋಂದಾಯಿಸಿತು. ಭಾರತಕ್ಕೆ ಡಾಟ್ ಇನ್ ಸಿಕ್ಕಿದ್ದು 1989ರಲ್ಲಿ. 2005ರ ಜನವರಿಯಿಂದ ಅದು ಸಾಮಾನ್ಯ ಜನರಿಗೂ ಸುಲಭವಾಗಿ ಸಿಗತೊಡಗಿತು. ಈಗ ಅದನ್ನು ನೋಡಿಕೊಳ್ಳುವ ಸಂಸ್ಥೆ ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ.

ಈಗ ಹೋಸ್ಟಿಂಗ್ ಖಾತೆಯೊಳಗೆ ಬರೋಣ. ಖಾತೆ ತೆಗೆದುಕೊಂಡ ಮೇಲೆ ನಿಮಗೆ ಒಂದು ಕಂಟ್ರೋಲ್ ಪ್ಯಾನೆಲ್ ಕೊಡುತ್ತಾರೆ. ಹೆಚ್ಚಿನ ಕಡೆ ಸಿಪ್ಯಾನೆಲ್ ಎಂಬ ಸಾಫ್ಟ್‌ವೇರ್ ಇರುತ್ತದೆ, ಆದ್ದರಿಂದ ಅದನ್ನೇ ಇಟ್ಟುಕೊಂಡು ಬರೆಯುತ್ತೇನೆ. ಖಾತೆ ತೆರೆಯುವಾಗ ಯಾವ ಹೆಸರನ್ನು ಕೊಟ್ಟಿರುತ್ತೀರೋ ಅದು ಮುಖ್ಯ ಡೊಮೇನ್. ಅದರ ಫೈಲುಗಳು ಪಬ್ಲಿಕ್ ಎಚ್‌ಟಿಎಂಎಲ್ ಎಂಬ ಫೋಲ್ಡರಿನಲ್ಲಿ ಕೂರುತ್ತವೆ. ಬೇರೆ ಡೊಮೇನ್‌ಗಳನ್ನು ನಾವೇ ಸೇರಿಸಬಹುದು, ತೆಗೆಯಬಹುದು. ಆದರೆ ಮುಖ್ಯ ಡೊಮೇನನ್ನು ನಾವು ಬದಲಿಸಲು ಬರುವುದಿಲ್ಲ, ಹೋಸ್ಟಿಂಗ್ ಕಂಪನಿಯವರೇ ಬದಲಿಸಬೇಕು. ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ನಮ್ಮ ಮಾಮು ಅವರಿಗೆ ಇದೇ ದೊಡ್ಡ ತಲೆನೋವಾಯಿತು.

ಮಾಮು ಅವರದು ಗುರುಗುಂಟಾದಲ್ಲಿ ಶಾಮಿಯಾನಾ ಮತ್ತು ಪಾತ್ರೆ ಬಾಡಿಗೆ ವ್ಯವಹಾರ. ಮದುವೆ ಸೀಸನ್ನಿನಲ್ಲೂ ಅಮರೇಶ್ವರ ಜಾತ್ರೆಯ ದಿನಗಳಲ್ಲೂ ಅವರಿಗೆ ಊಟಕ್ಕೂ ಪುರಸೊತ್ತು ಇರುವುದಿಲ್ಲ. ಆಮೇಲೆ ಲಿಂಗಸುಗೂರಿನಲ್ಲಿ ಒಂದು ಬಟ್ಟೆ ಅಂಗಡಿಯನ್ನೂ ಹಾಕಿದರು. ಶಾಮಿಯಾನಾಕ್ಕೆ ಒಂದು ಡಾಟ್ ಕಾಂ ಹೆಸರು, ಬಟ್ಟೆ ಅಂಗಡಿಗೆ ಒಂದು ಡಾಟ್ ಇನ್ ಹೆಸರು, ಎರಡಕ್ಕೂ ಒಂದೇ ಹೋಸ್ಟಿಂಗ್ ಖಾತೆ. ಇದನ್ನೆಲ್ಲ ಮಾಡಿಕೊಟ್ಟವರು ಡಾಟ್ ಕಾಂ ಹೆಸರನ್ನು ಮಾಮು ಅವರ ಹೆಸರಿನಲ್ಲಿ ಕೊಳ್ಳದೆ ತಮ್ಮ ಸ್ವಂತ ಹೆಸರು, ಸ್ವಂತ ಈಮೇಲ್ ಹಾಕಿ ಕೊಂಡಿದ್ದರು. ನವೀಕರಣದ ನೋಟಿಸುಗಳು ಅವರಿಗೇ ಹೋದವು. ಅವರು ಊರು ಬಿಟ್ಟಿದ್ದರು, ಫೋನ್ ಹತ್ತಲಿಲ್ಲ. ಡಾಟ್ ಕಾಂ ಹೆಸರಿನ ಅವಧಿ ಮುಗಿದು ರದ್ದಾದ ಮೇಲೆ 30 ದಿನ ಮರಳಿ ಪಡೆಯಲು ಅವಕಾಶ ಇರುತ್ತದೆ, ಅದೂ ಹೆಚ್ಚಿನ ದಂಡ ಕಟ್ಟಿ. ಆಮೇಲೆ 5 ದಿನ ಕಳೆದರೆ ಹೆಸರು ಮಾರುಕಟ್ಟೆಗೆ ಬಂದುಬಿಡುತ್ತದೆ. ಆದರೆ ದಂಡ ಕಟ್ಟುವ ಹಕ್ಕು ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವರಿಗೆ ಮಾತ್ರ. ಮಾಮು ಹಣ ಹಿಡಿದುಕೊಂಡು ನಿಂತಿದ್ದರೂ ಕಟ್ಟಲು ಬರಲಿಲ್ಲ. ಕೆಲವು ವಾರಗಳ ನಂತರ ಆ ವಿಳಾಸ ತೆರೆದರೆ ಯಾವುದೋ ಜೂಜಿನ ಜಾಹೀರಾತು ಬರುತ್ತಿತ್ತು. ಹತ್ತು ವರ್ಷ ದುಡಿದು ಗಳಿಸಿದ ಹೆಸರಿನ ಕೆಳಗೆ ಜೂಜು! ಮದುವೆಯವರು ಫೋನ್ ಮಾಡಿ ಇದೇನು ಎಂದು ಕೇಳಿದರು.

ಅದಕ್ಕಿಂತ ಕೆಟ್ಟದ್ದು ಈಮೇಲ್. ಜಿಎಸ್‌ಟಿ ನೋಂದಣಿಯಲ್ಲಿ ಮಾಮು ಅದೇ ಡೊಮೇನಿನ ಈಮೇಲ್ ಕೊಟ್ಟಿದ್ದರು. ಹೆಸರು ಯಾರ ಕೈಯಲ್ಲಿದೆಯೋ ಅವರು ಆ ವಿಳಾಸಕ್ಕೆ ಬರುವ ಪತ್ರಗಳನ್ನು ಓದಬಹುದು, ಪಾಸ್‌ವರ್ಡ್ ಬದಲಿಸುವ ಲಿಂಕುಗಳನ್ನೂ ಪಡೆಯಬಹುದು. ಆದ್ದರಿಂದ ಎಲ್ಲ ಕಡೆ ಓಡಾಡಿ ಈಮೇಲ್ ತಿದ್ದಿಸಬೇಕಾಯಿತು. ಇಷ್ಟೆಲ್ಲದರ ನಡುವೆ ಬಟ್ಟೆ ಅಂಗಡಿಯ ಸೈಟ್ ಮಾತ್ರ ಏನೂ ಆಗದಂತೆ ನಡೆಯುತ್ತಿತ್ತು. ಮುಖ್ಯ ಡೊಮೇನ್ ಸತ್ತರೂ ಅದೇ ಖಾತೆಯ ಇನ್ನೊಂದು ಹೆಸರು ಹೇಗೆ ಬದುಕಿತು ಎಂದು ಹುಡುಕುತ್ತಾ ಹೋದಾಗಲೇ ನಾನು ಈ ವಿಷಯ ಓದಲು ಶುರು ಮಾಡಿದ್ದು.

ಅದಕ್ಕೆ ಉತ್ತರ ಆಡ್‌ಆನ್ ಡೊಮೇನ್. ಇದು ಬೇರೆಯಾಗಿ ಹಣ ಕೊಟ್ಟು ಕೊಂಡ, ಬೇರೆ ನೋಂದಣಿಯ, ಸಂಪೂರ್ಣ ಸ್ವತಂತ್ರ ಹೆಸರು. ಖಾತೆಯ ಒಳಗೆ ಅದಕ್ಕೆ ಒಂದು ಪ್ರತ್ಯೇಕ ಫೋಲ್ಡರ್ ಇರುತ್ತದೆ. ನೋಡುವವರಿಗೆ ಎರಡು ಬೇರೆ ಬೇರೆ ಸೈಟುಗಳು, ನಮಗೆ ಒಂದೇ ಬಾಡಿಗೆ. ಮಳಿಗೆಯ ಹಿಂದಿನ ಕೋಣೆಗೆ ಬೇರೆ ಬೀದಿಯಿಂದ ಬೇರೆ ಬಾಗಿಲು, ಬೇರೆ ಬೋರ್ಡು ಇದ್ದ ಹಾಗೆ. ಮುಂದಿನ ಬೋರ್ಡು ಬಿದ್ದರೆ ಹಿಂದಿನ ಬಾಗಿಲಿಗೆ ತೊಂದರೆ ಇಲ್ಲ. ಆದರೆ ಇಡೀ ಮಳಿಗೆಯ ಬಾಡಿಗೆ ಕಟ್ಟದಿದ್ದರೆ ಎರಡೂ ಬಂದ್. ಹಾಗೆಯೇ ಒಂದು ಸೈಟಿಗೆ ಕಳ್ಳರು ನುಗ್ಗಿದರೆ ಇನ್ನೊಂದಕ್ಕೂ ದಾರಿ ಸಿಗುವ ಸಾಧ್ಯತೆ ಹೆಚ್ಚು, ಏಕೆಂದರೆ ಒಳಗೆ ಗೋಡೆ ತೆಳು. ಡಿಸ್ಕ್ ಜಾಗವೂ ಇಬ್ಬರಿಗೂ ಸೇರಿ ಒಂದೇ ಲೆಕ್ಕ. ಇದರಲ್ಲಿ ಒಂದು ವಿಚಿತ್ರವೂ ಇದೆ. ಸಿಪ್ಯಾನೆಲ್ ಆಡ್‌ಆನ್ ಡೊಮೇನ್ ಸೇರಿಸುವಾಗ ಮುಖ್ಯ ಡೊಮೇನಿನ ಕೆಳಗೆ ಒಂದು ಉಪಹೆಸರನ್ನೂ ತಾನಾಗಿಯೇ ಸೃಷ್ಟಿಸುತ್ತದೆ. ಹಾಗಾಗಿ ಬಟ್ಟೆ ಅಂಗಡಿಯ ಪುಟಗಳನ್ನು ಶಾಮಿಯಾನಾ ಹೆಸರಿನ ಮೂಲಕವೂ ಒಂದು ಅಡ್ಡದಾರಿಯಿಂದ ನೋಡಲು ಬರುತ್ತಿತ್ತು. ಮುಖ್ಯ ಹೆಸರು ಹೋದಾಗ ಆ ಅಡ್ಡದಾರಿ ಮುಚ್ಚಿತು, ಸ್ವಂತ ದಾರಿ ಉಳಿಯಿತು.

ಆ ಉಪಹೆಸರಿಗೇ ಸಬ್‌ಡೊಮೇನ್ ಎನ್ನುತ್ತಾರೆ. ಇದು ನಾಲ್ಕರಲ್ಲಿ ಅತಿ ಮುಖ್ಯವಾದದ್ದು ಎಂದು ನನ್ನ ಅಭಿಪ್ರಾಯ. ನೀವು ದಿನವೂ ಇದನ್ನು ನೋಡುತ್ತೀರಿ. ಕರ್ನಾಟಕ.ಜಿಒವಿ.ಇನ್ ನಮ್ಮ ರಾಜ್ಯ ಸರ್ಕಾರದ ಡೊಮೇನ್. ಅದರ ಎಡಕ್ಕೆ ಒಂದು ಚುಕ್ಕಿ ಹಾಕಿ ಸೇವಾಸಿಂಧು ಎಂದು ಸೇರಿಸಿದರೆ ಒಂದು ಸೈಟ್, ಕೆಎಸ್‌ಇಎಬಿ ಎಂದು ಸೇರಿಸಿದರೆ ನಮ್ಮ ಪರೀಕ್ಷಾ ಮಂಡಳಿಯ ಸೈಟ್. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ವಿಳಾಸವನ್ನು ನೋಡಿ: ಎಸ್‌ಎಸ್‌ಪಿ.ಪೋಸ್ಟ್‌ಮೆಟ್ರಿಕ್.ಕರ್ನಾಟಕ.ಜಿಒವಿ.ಇನ್. ನಾನಿಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ಇಲ್ಲಿ ಸಬ್‌ಡೊಮೇನಿಗೂ ಒಂದು ಸಬ್‌ಡೊಮೇನ್ ಇದೆ. ಇದನ್ನು ಓದುವ ಕ್ರಮ ಬಲದಿಂದ ಎಡಕ್ಕೆ. ಇನ್ ಎಂದರೆ ಭಾರತ, ಜಿಒವಿ ಎಂದರೆ ಸರ್ಕಾರ, ಅದರೊಳಗೆ ಕರ್ನಾಟಕ, ಅದರೊಳಗೆ ಪೋಸ್ಟ್‌ಮೆಟ್ರಿಕ್, ಕೊನೆಗೆ ಎಸ್‌ಎಸ್‌ಪಿ. ಮನೆಯಲ್ಲಿ ಉರ್ದು ಓದುವ ನಮ್ಮಂತಹವರಿಗೆ ಬಲದಿಂದ ಎಡಕ್ಕೆ ಓದುವುದು ಹೊಸದಲ್ಲ. ಈ ಒಂದು ವಿಷಯದಲ್ಲಿ ನಾವು ಕನ್ನಡ, ಇಂಗ್ಲಿಷ್ ಗೆಳೆಯರಿಗಿಂತ ಒಂದು ಹೆಜ್ಜೆ ಮುಂದೆ ಎಂದು ನಾನು ತರಗತಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು, ಆದರೆ ಮಾತು ನಿಜ.

ಯಾಕೆ ಬಲದಿಂದ ಓದಬೇಕು? ಅಧಿಕಾರ ಬಲಗಡೆಯಿಂದ ಹರಿದು ಬರುತ್ತದೆ. ಜಿಒವಿ.ಇನ್ ಹೆಸರುಗಳು ಸರ್ಕಾರಕ್ಕೆ ಮಾತ್ರ ಮೀಸಲು, ಅಂಗಡಿಯವರಿಗೋ ವ್ಯಕ್ತಿಗಳಿಗೋ ಕೊಡುವುದಿಲ್ಲ. ಎನ್‌ಐಸಿ.ಇನ್ ನ್ಯಾಷನಲ್ ಇನ್ಫಾರ್ಮ್ಯಾಟಿಕ್ಸ್ ಸೆಂಟರಿನದು. ನಮ್ಮ ಜಿಲ್ಲೆಯ ಸೈಟ್ ರಾಯಚೂರು.ಎನ್‌ಐಸಿ.ಇನ್, ಫಲಿತಾಂಶದ ದಿನ ಎಲ್ಲರೂ ಮುಗಿಬೀಳುವ ಕರ್‌ರಿಸಲ್ಟ್ಸ್.ಎನ್‌ಐಸಿ.ಇನ್ ಎರಡೂ ಇದರ ಕೆಳಗೆ ಬರುತ್ತವೆ. ಇವುಗಳ ಬಲತುದಿಯನ್ನು ಯಾರೂ ನಕಲು ಮಾಡಲಾರರು. ಆದರೆ ಎಡಗಡೆ ಏನು ಬೇಕಾದರೂ ಬರೆಯಬಹುದು. ಸಿಪ್ಯಾನೆಲ್‌ನಲ್ಲಿ ಸಬ್‌ಡೊಮೇನ್ ಮಾಡಲು ಒಂದು ನಿಮಿಷ ಸಾಕು, ಹಣ ಬೇಡ, ಯಾರ ಅನುಮತಿಯೂ ಬೇಡ. ಒಬ್ಬ ಮೋಸಗಾರ ಯಾವುದೋ ಅಗ್ಗದ ಡಾಟ್ ಎಕ್ಸ್‌ವೈಝಡ್ ಹೆಸರು ಕೊಂಡು, ಅದರ ಎಡಕ್ಕೆ ಎಸ್‌ಎಸ್‌ಪಿ, ಚುಕ್ಕಿ, ಕರ್ನಾಟಕ, ಚುಕ್ಕಿ, ಜಿಒವಿ, ಚುಕ್ಕಿ, ಇನ್ ಎಂದು ಅಷ್ಟನ್ನೂ ಸಬ್‌ಡೊಮೇನಾಗಿ ಸೇರಿಸಬಹುದು. ಮೊಬೈಲಿನ ಚಿಕ್ಕ ಪರದೆಯಲ್ಲಿ ಎಡಗಡೆಯ ಭಾಗ ಮಾತ್ರ ಕಂಡರೆ ಅದು ಸರ್ಕಾರಿ ಸೈಟಿನಂತೆಯೇ ಕಾಣುತ್ತದೆ. ನಿಜವಾದ ಯಜಮಾನ ಬಲತುದಿಯಲ್ಲಿ ಅಡಗಿ ಕುಳಿತಿರುತ್ತಾನೆ.

ಇಂತಹ ಒಂದು ಲಿಂಕ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಮ್ಮ ತರಗತಿಯವರಿಗೂ ಬಂದಿತ್ತು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಅಪ್ಪನ ಮೊಬೈಲಿಗೆ ಬರುವ ಓಟಿಪಿ ಎಲ್ಲ ಕೇಳುತ್ತಿತ್ತು. ಬೀಡಿ ಕಟ್ಟುವ ತಾಯಿ, ಕೂಲಿಗೆ ಹೋಗುವ ತಂದೆ ಇರುವ ಮನೆಯಲ್ಲಿ ಆ ಖಾತೆಯಲ್ಲಿ ಇರುವುದೇ ಎರಡು ಮೂರು ಸಾವಿರ. ಅದು ಹೋದರೆ ಮುಂದಿನ ಶುಲ್ಕ ಹೋದಂತೆ. ಆದ್ದರಿಂದ ಹೀಗೆ ಮಾಡಿ. ವಿಳಾಸದಲ್ಲಿ ಎಚ್‌ಟಿಟಿಪಿಎಸ್ ನಂತರದ ಎರಡು ಓರೆಗೆರೆಗಳನ್ನು ದಾಟಿ, ಮುಂದೆ ಬರುವ ಮೊದಲ ಒಂಟಿ ಓರೆಗೆರೆಯನ್ನು ಹುಡುಕಿ. ಅದರ ಎಡಕ್ಕೆ ಅಂಟಿಕೊಂಡಿರುವ ಪದದಿಂದ ಹಿಮ್ಮುಖವಾಗಿ ಓದಿ. ಅಲ್ಲಿ ಜಿಒವಿ.ಇನ್ ಇಲ್ಲದಿದ್ದರೆ ಮುಚ್ಚಿಬಿಡಿ. ಓರೆಗೆರೆಯ ಬಲಕ್ಕೆ ಇರುವುದು ಪುಟದ ಹೆಸರು, ಅಲ್ಲಿ ಜಿಒವಿ ಎಂದಿದ್ದರೆ ಅದಕ್ಕೆ ಬೆಲೆ ಇಲ್ಲ. ಚುಕ್ಕಿಯ ಬದಲು ಅಡ್ಡಗೀಟು ಇದ್ದರೂ ಎಚ್ಚರ. ಕರ್ನಾಟಕ, ಗೀಟು, ಜಿಒವಿ, ಆಮೇಲೆ ಡಾಟ್ ಇನ್ ಎಂಬಂತಹದ್ದು ಸರ್ಕಾರದ ಡೊಮೇನ್ ಅಲ್ಲ, ಯಾರು ಬೇಕಾದರೂ ಕೊಳ್ಳಬಹುದಾದ ಸಾಧಾರಣ ಡಾಟ್ ಇನ್ ಹೆಸರು. ಬೀಗದ ಚಿಹ್ನೆ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಲೆಟ್ಸ್ ಎನ್‌ಕ್ರಿಪ್ಟ್‌ನಂತಹ ಸಂಸ್ಥೆಗಳು ಆ ಬೀಗವನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತವೆ, ಕಳ್ಳನಿಗೂ ಸಿಗುತ್ತದೆ. ದಾರಿಯಲ್ಲಿ ಯಾರೂ ಕದ್ದು ಓದುತ್ತಿಲ್ಲ ಎಂದಷ್ಟೇ ಬೀಗದ ಅರ್ಥ. ದಾರಿಯ ಕೊನೆಯಲ್ಲಿ ಕುಳಿತವನು ಒಳ್ಳೆಯವನು ಎಂದಲ್ಲ.

ವಾಣಿಜ್ಯ ವಿಭಾಗದವರಿಗೆ ಇನ್ನೊಂದು ಉದಾಹರಣೆ. ಜಿಎಸ್‌ಟಿಯ ಸೈಟಿನಲ್ಲಿ ಲಾಗಿನ್ ಆದಾಗ ವಿಳಾಸ ಸರ್ವಿಸಸ್.ಜಿಎಸ್‌ಟಿ.ಜಿಒವಿ.ಇನ್ ಎಂದಿರುತ್ತದೆ. ಇದು ಜಿಎಸ್‌ಟಿ ಡೊಮೇನಿನ ಸಬ್‌ಡೊಮೇನ್. ಆದರೆ ಸರಕು ಸಾಗಿಸಲು ಬೇಕಾಗುವ ಇವೇ ಬಿಲ್‌ನ ವಿಳಾಸ ಇವೇಬಿಲ್‌ಜಿಎಸ್‌ಟಿ.ಜಿಒವಿ.ಇನ್. ಇಲ್ಲಿ ಇವೇಬಿಲ್ ಮತ್ತು ಜಿಎಸ್‌ಟಿ ನಡುವೆ ಚುಕ್ಕಿ ಇಲ್ಲ. ಅಂದರೆ ಇದು ಸಬ್‌ಡೊಮೇನ್ ಅಲ್ಲ, ಜಿಒವಿ.ಇನ್ ಕೆಳಗಿನ ಬೇರೆಯದೇ ಹೆಸರು. ಎರಡೂ ಅಸಲಿ, ಏಕೆಂದರೆ ಎರಡರ ಬಲತುದಿಯೂ ಒಂದೇ. ಒಂದು ಚುಕ್ಕಿಗೆ ಎಷ್ಟು ಬೆಲೆ ಇದೆ ನೋಡಿ.

ಮೂರನೆಯದು ಪಾರ್ಕ್ಡ್ ಡೊಮೇನ್, ಇದನ್ನೇ ಏಲಿಯಾಸ್ ಎಂದೂ ಕರೆಯುತ್ತಾರೆ. ಇದಕ್ಕೆ ನಮ್ಮ ಪಕ್ಕದ ಮಸ್ಕಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ದೇಶದ ಅನೇಕ ಕಡೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳ ರಾಜನ ಶಾಸನಗಳು ಸಿಕ್ಕಿದ್ದವು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯಲ್ಲಿ ಕಂಡ ಬಂಡೆಯ ಮೇಲೆ ದೇವಾನಾಂಪ್ರಿಯ ಎಂಬುದರ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಎರಡು ಹೆಸರು, ಒಬ್ಬನೇ ಮನುಷ್ಯ ಎಂದು ಖಚಿತವಾಯಿತು. ಏಲಿಯಾಸ್ ಡೊಮೇನ್ ಎಂದರೆ ಇಷ್ಟೇ. ಎರಡು ಹೆಸರು, ಒಂದೇ ಫೋಲ್ಡರ್, ಒಂದೇ ಸೈಟ್. ಅಂಗಡಿಯ ಡಾಟ್ ಇನ್ ಕೊಂಡವರು ಬೇರೆಯವರು ಹಿಡಿಯದಿರಲಿ ಎಂದು ಡಾಟ್ ಕಾಂ ಕೂಡ ಕೊಂಡು ಅದೇ ಸೈಟಿಗೆ ಕಟ್ಟುತ್ತಾರೆ. ಗುರುಗುಂಟಾ ಎಂಬ ಹೆಸರನ್ನೇ ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಊರ ಹೆಸರಿನ ಸೈಟ್ ಮಾಡುವವರು ಈ ಕಾಗುಣಿತಗಳನ್ನೆಲ್ಲ ಏಲಿಯಾಸ್ ಮಾಡಿಕೊಳ್ಳುವುದು ಒಳ್ಳೆಯದು, ಹಣ ಇದ್ದರೆ.

ಸಿಪ್ಯಾನೆಲ್‌ನ ಹೊಸ ಆವೃತ್ತಿಗಳಲ್ಲಿ ಆಡ್‌ಆನ್, ಏಲಿಯಾಸ್ ಎಂಬ ಬೇರೆ ಬೇರೆ ಗುಂಡಿಗಳು ಕಾಣದಿದ್ದರೆ ಗಾಬರಿಯಾಗಬೇಡಿ. ಈಗ ಎಲ್ಲವನ್ನೂ ಡೊಮೇನ್ಸ್ ಎಂಬ ಒಂದೇ ಜಾಗದಲ್ಲಿ ಸೇರಿಸಿದ್ದಾರೆ. ಹೊಸ ಹೆಸರು ಹಾಕುವಾಗ ಡಾಕ್ಯುಮೆಂಟ್ ರೂಟ್ ಹಂಚಿಕೊಳ್ಳಬೇಕೇ ಎಂದು ಒಂದು ಚೌಕ ಕೇಳುತ್ತದೆ. ಟಿಕ್ ಇದ್ದರೆ ಅದು ಏಲಿಯಾಸ್. ಟಿಕ್ ತೆಗೆದು ಬೇರೆ ಫೋಲ್ಡರ್ ಕೊಟ್ಟರೆ ಆಡ್‌ಆನ್. ಇಡೀ ವ್ಯತ್ಯಾಸ ಆ ಒಂದು ಟಿಕ್‌ನಲ್ಲಿದೆ. ಹೊಸ ಹೆಸರು ಸೇರಿಸಿದ ಕೂಡಲೇ ಸೈಟ್ ತೆರೆಯಲಿಲ್ಲ ಎಂದರೂ ಗಾಬರಿ ಬೇಡ. ಹೆಸರು ಕೊಂಡ ಕಡೆ ಹೋಗಿ ಹೋಸ್ಟಿಂಗ್ ಕಂಪನಿಯ ನೇಮ್‌ಸರ್ವರ್‌ಗಳನ್ನು ಬರೆಯಬೇಕು. ಅದು ಎಲ್ಲ ಕಡೆ ಹರಡಲು ಕೆಲವು ಗಂಟೆ, ಕೆಲವೊಮ್ಮೆ ಎರಡು ದಿನ ಹಿಡಿಯುತ್ತದೆ.

ಕೊನೆಯದು ರಿಡೈರೆಕ್ಟ್. ಅಂಗಡಿ ಸ್ಥಳಾಂತರಗೊಂಡಿದೆ ಎಂದು ಹಳೆಯ ಬಾಗಿಲಿಗೆ ಅಂಟಿಸುವ ಚೀಟಿ ಇದು. ಹಳೆಯ ವಿಳಾಸ ಒತ್ತಿದರೆ ತಾನಾಗಿಯೇ ಹೊಸ ವಿಳಾಸಕ್ಕೆ ಹೋಗುತ್ತದೆ. ಕಾಯಂ ಬದಲಾವಣೆಗೆ 301, ತಾತ್ಕಾಲಿಕಕ್ಕೆ 302 ಎಂಬ ಸಂಖ್ಯೆ. ಏಲಿಯಾಸ್‌ನಲ್ಲಿ ಹೆಸರು ಬದಲಾಗದೆ ಹಾಗೆಯೇ ಉಳಿಯುತ್ತದೆ, ರಿಡೈರೆಕ್ಟ್‌ನಲ್ಲಿ ಕಣ್ಣೆದುರೇ ಹೆಸರು ಬದಲಾಗುತ್ತದೆ. ಇದನ್ನು ಇಡೀ ದೇಶವೇ ಇತ್ತೀಚೆಗೆ ನೋಡಿತು. 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗಾಗಿಯೇ ಬ್ಯಾಂಕ್.ಇನ್ ಎಂಬ ಮೀಸಲು ಡೊಮೇನನ್ನು ಪ್ರಕಟಿಸಿತು. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಬರಬೇಕೆಂದು ಹೇಳಿತು. ನೋಂದಣಿ ಮಾಡುವ ಸಂಸ್ಥೆ ಒಂದೇ, ಹೈದರಾಬಾದಿನ ಐಡಿಆರ್‌ಬಿಟಿ. ಸ್ಟೇಟ್ ಬ್ಯಾಂಕ್ ಈಗ ಎಸ್‌ಬಿಐ.ಬ್ಯಾಂಕ್.ಇನ್. ಹಳೆಯ ವಿಳಾಸಗಳನ್ನು ಬಾಯಿಪಾಠ ಮಾಡಿಕೊಂಡಿರುವ ಅಪ್ಪ ಅಮ್ಮಂದಿರಿಗೆ ಇದನ್ನು ತಿಳಿಸಿ. ಬಲತುದಿ ನೋಡುವ ಪಾಠ ಇಲ್ಲಿಯೂ ಅದೇ.

ಕನ್ನಡದಲ್ಲೇ ವಿಳಾಸ ಬರೆಯಲು ಬರುವುದಿಲ್ಲವೇ ಎಂದು ಕನ್ನಡ ಉಪನ್ಯಾಸಕರು ಕೇಳಿದ್ದರು. ಬರುತ್ತದೆ. ಡಾಟ್ ಭಾರತ ಎಂಬ ಕೊನೆ ಕನ್ನಡ ಲಿಪಿಯಲ್ಲೂ ಇದೆ, ಉರ್ದು ಲಿಪಿಯಲ್ಲೂ ಇದೆ. ಆದರೆ ಕಂಪ್ಯೂಟರ್ ಅದನ್ನು ಒಳಗೆ ಇಂಗ್ಲಿಷ್ ಅಕ್ಷರಗಳ ಒಂದು ಸಂಕೇತಕ್ಕೆ ಬದಲಿಸಿಕೊಳ್ಳುತ್ತದೆ. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಎಕ್ಸ್‌ಎನ್ ಎಂದು ಶುರುವಾಗಿ ಎರಡು ಗೀಟು ಇರುವ ವಿಚಿತ್ರ ಹೆಸರು ಕಂಡರೆ ಅದು ಇಂತಹದ್ದೇ.

ಇನ್ನು ಲೆಕ್ಕಶಾಸ್ತ್ರದ ಒಂದು ಮಾತು. ಡೊಮೇನ್ ಹೆಸರನ್ನು ನಾವು ಶಾಶ್ವತವಾಗಿ ಕೊಳ್ಳುವುದಿಲ್ಲ, ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ನೋಂದಾಯಿಸಬಹುದು. ಪ್ರತಿವರ್ಷದ ನವೀಕರಣ ಶುಲ್ಕ ರಾಜಸ್ವ ವೆಚ್ಚ. ಬೇರೆಯವರ ಹತ್ತಿರ ದೊಡ್ಡ ಮೊತ್ತ ಕೊಟ್ಟು ಹೆಸರುವಾಸಿ ಡೊಮೇನ್ ಕೊಂಡರೆ ಅದು ಅಮೂರ್ತ ಆಸ್ತಿ. ಮಾಮು ಅವರ ಈಗಿನ ಹೋಸ್ಟಿಂಗ್ ಶುಲ್ಕ ವರ್ಷಕ್ಕೆ 3,600 ರೂಪಾಯಿ, ಅಕ್ಟೋಬರ್ 1ರಂದು ಕಟ್ಟಿದ್ದಾರೆ ಎಂದು ಇಟ್ಟುಕೊಳ್ಳಿ. ಮಾರ್ಚ್ 31ಕ್ಕೆ ಆರು ತಿಂಗಳು ಮಾತ್ರ ಮುಗಿದಿರುತ್ತದೆ. ಆದ್ದರಿಂದ 1,800 ಆ ವರ್ಷದ ವೆಚ್ಚ, ಉಳಿದ 1,800 ಮುಂಗಡ ಪಾವತಿಸಿದ ವೆಚ್ಚವೆಂದು ಆಸ್ತಿ ಬದಿಗೆ ಹೋಗುತ್ತದೆ. ಆ 1,800ರ ವೆಚ್ಚವನ್ನು ಎರಡು ಅಂಗಡಿಗಳಿಗೆ ಹಂಚಬೇಕಾದರೆ ಪ್ರತಿ ಡೊಮೇನ್ ಬಳಸಿದ ಡಿಸ್ಕ್ ಜಾಗವನ್ನು ಆಧಾರವಾಗಿ ಹಿಡಿಯಬಹುದು. ಬಟ್ಟೆ ಅಂಗಡಿಯಲ್ಲಿ ಫೋಟೋ ಹೆಚ್ಚು, ಶಾಮಿಯಾನಾದಲ್ಲಿ ಕಡಿಮೆ, ಪ್ರಮಾಣ 2:1 ಎಂದರೆ 1,200 ಮತ್ತು 600. ಹೊಸ ಡೊಮೇನ್ ಈ ಸಲ ಮಾಮು ಅವರ ಸ್ವಂತ ಹೆಸರಿನಲ್ಲಿದೆ, ಅದರ ರಸೀದಿಯೂ ಅವರ ಹೆಸರಿಗೇ ಬಂದಿದೆ. ವೋಚರ್ ಫೈಲಿನಲ್ಲಿ ಹಾಕಲು ಅದೇ ಬೇಕು.